ಹೇರಂಬ ಹೆಗಡೆಯ ನಲವತ್ತು ಹುಲಿ ಉಗುರು

ಹೇರಂಬ ಹೆಗಡೆಗೆ ರೇಟು ಗೊತ್ತು. ಸಾಗರದಲ್ಲಿ ಈ ಮಾತನ್ನು ಮೊದಲು ಹೇಳಿದವನು ಹೇರಂಬ ಹೆಗಡೆಯೇ. ಆಮೇಲೆ ಉಳಿದವರೂ ಹೇಳತೊಡಗಿದರು, ಯಾಕೆಂದರೆ ಒಂದೇ ಮಾತನ್ನು ಮೂವತ್ತು ವರ್ಷ ದಿನಾ ಕೇಳಿದರೆ ಯಾರ ಬಾಯಿಗಾದರೂ ಬಂದುಬಿಡುತ್ತದೆ. ಅಡಿಕೆ ರೇಟು ಏರಿದರೆ "ನಾನು ಹೇಳಿರ್ಲಿಲ್ವಾ?" ಎನ್ನುತ್ತಿದ್ದ. ಇಳಿದರೆ "ನಾನು ಹೇಳಿದ್ದನ್ನ ಯಾರು ಕೇಳಿದ್ರು?" ಎನ್ನುತ್ತಿದ್ದ. ಎರಡೂ ಸಲ ಅವನು ಏನು ಹೇಳಿದ್ದ ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ, ಅವನಿಗೂ.

ನಾನು ಅವನ ಪಕ್ಕದ ಮನೆಯವನು, ಅವನಂತೆಯೇ ಅಡಿಕೆ ಬೆಳೆಗಾರ. ಅವನ ಸ್ವಂತ ಅಡಿಕೆ ಈ ಮೂವತ್ತು ವರ್ಷದಲ್ಲಿ ಒಂದು ಸಲವೂ ಒಳ್ಳೆಯ ರೇಟಿಗೆ ಹೋಗದ್ದನ್ನು ಕಣ್ಣಾರೆ ಕಂಡವನು. ನಮ್ಮ ಅಡಿಕೆ ಮಂಡಿಯಲ್ಲಿ ಒಂದು ಪದ್ಧತಿ ಇದೆ. ಬೆಳೆಗಾರ ತನ್ನ ಅಡಿಕೆಯನ್ನು ರಾಶಿ ಹಾಕುತ್ತಾನೆ, ವ್ಯಾಪಾರಸ್ಥರು ನೋಡಿ ಚೀಟಿಯಲ್ಲಿ ರೇಟು ಬರೆಯುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಆದರೆ ಆ ರೇಟು ಒಪ್ಪಿಗೆಯಾಗದಿದ್ದರೆ "ಈ ವಾರ ಬೇಡ" ಎನ್ನುವ ಹಕ್ಕು ಬೆಳೆಗಾರನಿಗುಂಟು. ಉಳಿದವರು ಈ ಹಕ್ಕನ್ನು ವರ್ಷಕ್ಕೆ ಒಂದೆರಡು ಸಲ ಬಳಸುತ್ತಾರೆ. ಹೇರಂಬ ವಾರ ವಾರವೂ ಬಳಸುತ್ತಿದ್ದ. "ಬೇಡ" ಎನ್ನುವಾಗ ಅವನ ಮುಖಕ್ಕೆ ಬರುವ ಕಳೆ ಧಾರೆಯ ದಿನವೂ ಬಂದಿರಲಿಲ್ಲ ಎಂದು ಅವನ ಹೆಂಡತಿ ಮಹಾಲಕ್ಷ್ಮಿಯೇ ನನ್ನ ಹೆಂಡತಿಯ ಹತ್ತಿರ ಹೇಳಿದ್ದಾಳೆ. ಕೊನೆಗೆ ಮಳೆಗಾಲ ಹತ್ತಿರ ಬಂದು, ಇನ್ನು ಇಟ್ಟರೆ ಬೂಷ್ಟು ಹಿಡಿಯುತ್ತದೆ ಎನ್ನುವಾಗ, ಸಿಕ್ಕಿದ ರೇಟಿಗೆ ಕೊಟ್ಟು ಹಿಂದಿನ ಬೀದಿಯಿಂದ ಮನೆಗೆ ಬರುತ್ತಿದ್ದ.

ಇಂಥವನು ಈ ಸಲ ಬೆಳೆಗಾರರ ಸಂಘದ ನಿರ್ದೇಶಕ ಸ್ಥಾನಕ್ಕೆ ನಿಂತ. ಎದುರಾಳಿ ಆನಂದಪುರದ ಬೆಳ್ಳಪ್ಪ. ಬೆಳ್ಳಪ್ಪ ಬೆಳೆದದ್ದನ್ನು ಹೊತ್ತಿಗೆ ಸರಿಯಾಗಿ ಮಾರಿ, ಎರಡಂತಸ್ತಿನ ಮನೆ ಕಟ್ಟಿಸಿದ ಮನುಷ್ಯ. ಅದಕ್ಕಾಗಿಯೇ ಅವನ ಮೇಲೆ ಯಾರಿಗೂ ಅಷ್ಟು ಗೌರವವಿರಲಿಲ್ಲ. ಹೇರಂಬನಿಗಂತೂ ಆ ಕುರ್ಚಿಯೆಂದರೆ ಪ್ರಾಣ. ಮೂರು ಸಲ ನಿಂತು ಮೂರು ಸಲವೂ ಸೋತಿದ್ದ. ಈ ಸಲ ಸೋತರೆ ಮತ್ತೆ ಮಂಡಿಗೆ ಮುಖ ತೋರಿಸುವುದಿಲ್ಲ ಎಂದು ಮಂಡಿಯ ಮೆಟ್ಟಿಲ ಮೇಲೆ ನಿಂತು ಸಾರಿದ. ಸಾರುತ್ತಾ ಸಾರುತ್ತಾ ಹಿಂದೆ ಹಿಂದೆ ಹೋಗಿ ಮೂರು ಮೆಟ್ಟಿಲು ಉರುಳಿ ಕಾಲು ಮುರಿದುಕೊಂಡ.

ಆರು ವಾರ ಪ್ಲಾಸ್ಟರು. ಮಂಡಿ ಅವನಿಲ್ಲದೆಯೂ ನಡೆಯಿತು, ಸ್ವಲ್ಪ ಬೇಗ ಬೇಗನೇ ನಡೆಯಿತು. ಮನೆಯಲ್ಲಿ ಮಾತ್ರ ಮಹಾಲಕ್ಷ್ಮಿಗೆ ಉಸಿರಾಡಲು ಬಿಡುವಿಲ್ಲದಂತಾಯಿತು. ತರಕಾರಿಯವಳು ಬಂದರೆ ಒಳಗಿನಿಂದ "ಈ ರೇಟಿಗೆ ಬೇಡ!" ಎಂದು ಕೂಗುತ್ತಿದ್ದ. ಅವಳು ಹೋಗಿಬಿಡುತ್ತಿದ್ದಳು. ಹೀಗೆ ನಾಲ್ಕು ದಿನ ಆ ಮನೆಯಲ್ಲಿ ಬರೀ ಮಾವಿನಕಾಯಿಯ ಅಪ್ಪೆಹುಳಿಯಲ್ಲಿ ಊಟವಾಯಿತು.

ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ವಂದನಾ ವಾರದ ಕೊನೆಗೆ ಬಂದವಳು ಅಮ್ಮನ ಮುಖ ನೋಡಿ ಕರಗಿಹೋದಳು. ಅವಳು ಎರಡು ವರ್ಷದಿಂದ ಫೋನಿನಲ್ಲಿ ಒಂದು ಆಟ ಆಡುತ್ತಿದ್ದಳು. ಅದರ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಪ್ರಪಂಚದ ಬೇರೆ ಬೇರೆ ಕಡೆಯವರು ಅದರಲ್ಲಿ ಸೇರಿ ಇಲ್ಲದ ಕಾಡಿನಲ್ಲಿ ಇಲ್ಲದ ಪ್ರಾಣಿಗಳನ್ನು ಬೇಟೆಯಾಡುತ್ತಾರಂತೆ. ಸಿಕ್ಕಿದ ಕೊಂಬು, ಚರ್ಮ, ಉಗುರು ಎಲ್ಲವನ್ನೂ ಆಟದೊಳಗಿನ ಹರಾಜು ಮಾರುಕಟ್ಟೆಯಲ್ಲಿ ಮಾರುತ್ತಾರಂತೆ. ಬರುವುದು ಆಟದ ನಾಣ್ಯ, ಹೊರಗೆ ಅದಕ್ಕೆ ಒಂದು ಚಹಾ ಸಿಗುವುದಿಲ್ಲ. ವಂದನಾಳ ಹತ್ತಿರ ನಲವತ್ತು ಹುಲಿ ಉಗುರು ಕೂಡಿತ್ತು. ಅವನ್ನು ಮಾರಿ ಆಟದಲ್ಲಿ ಒಂದು ಬಿಳಿ ಕುದುರೆ ಕೊಳ್ಳಬೇಕೆಂದಿದ್ದಳು. ಅಮ್ಮನಿಗೆ ಸ್ವಲ್ಪ ಬಿಡುವಾಗಲಿ ಎಂದು ಆಟವನ್ನು ಅಪ್ಪನ ಫೋನಿಗೆ ಹಾಕಿಕೊಟ್ಟು, ಆ ಕೆಲಸವನ್ನು ಅವನಿಗೆ ವಹಿಸಿದಳು. ಹೆಣ್ಣುಮಕ್ಕಳು ಬುದ್ಧಿವಂತರು ಎನ್ನುವ ನನ್ನ ನಂಬಿಕೆ ಅಲ್ಲಿಗೆ ಸಡಿಲವಾಯಿತು.

"ಇಲ್ನೋಡು ಅಪ್ಪಯ್ಯಾ," ಎಂದು ಅವಳು ಜಗುಲಿಯಲ್ಲಿ ಕೂತು ಪಾಠ ಮಾಡುತ್ತಿದ್ದಳು. ನಾನು ಪೇಪರು ಕೇಳುವ ನೆಪದಲ್ಲಿ ಅಲ್ಲೇ ಇದ್ದೆ. "ಎಲ್ಲರಿಗಿಂತ ಕಮ್ಮಿ ಹೇಳಿದವಂದು ಮೊದ್ಲು ಹೋಗ್ತು. ಬೇರೆಯವ್ರು ಒಂದು ಉಗುರಿಗೆ ಒಂಬೈನೂರು ಹೇಳಿದ್ರೆ ನೀನು ಎಂಟುನೂರಾ ತೊಂಬತ್ತೊಂಬತ್ತು ಹಾಕು."

"ಕಮ್ಮಿ ಎಂತಕ್ಕೆ ಹಾಕವು? ನಮ್ಮ ಮಾಲು ಕಳಪೆಯಾ?"

"ಉಗುರೆಲ್ಲಾ ಒಂದೇ ನಮೂನೆ ಅಪ್ಪಯ್ಯಾ. ಒಳ್ಳೇದು ಕೆಟ್ಟದ್ದು ಹೇಳಿ ಇಲ್ಲೆ."

"ಅದು ನಿಂಗೆ ಗೊತ್ತಿಲ್ಲೆ."

"ನಲವತ್ತನ್ನೂ ಒಂದೇ ಸಲ ಇಡಡ. ಐದೈದೇ ಇಡು. ಶನಿವಾರ ಭಾನುವಾರ ಆಡೋ ಜನ ಜಾಸ್ತಿ, ಆಗ ಇಡು. ಮತ್ತೆ ಒಂದ್ಸಲ ಇಟ್ಟದ್ದನ್ನ ವಾಪಸ್ ತೆಗೀಲಾಗ. ಇಡಲೆ ಕೊಟ್ಟ ಶುಲ್ಕ ಮುಳುಗಿ ಹೋಗ್ತು. ತಿಳತ್ತಾ?"

"ತಿಳತ್ತು," ಎಂದ ಹೇರಂಬ. ಮೂವತ್ತು ವರ್ಷದ ಅನುಭವಸ್ಥನಿಗೆ ಈ ಹುಡುಗಿ ಮಾರಾಟ ಕಲಿಸುತ್ತಾಳಲ್ಲ ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಅವಳು ತೀರ್ಥಹಳ್ಳಿಯ ಬಸ್ಸು ಹತ್ತಿದ ಮೇಲೆ ಅವನು ನಲವತ್ತನ್ನೂ ಒಂದೇ ರಾಶಿ ಹಾಕಿದ. ರಾಶಿ ದೊಡ್ಡದಿದ್ದರೆ ವ್ಯಾಪಾರಸ್ಥನಿಗೆ ಭಯಭಕ್ತಿ ಬರುತ್ತದೆಯಂತೆ. ಎಲ್ಲರೂ ಒಂಬೈನೂರು ಹೇಳಿದ್ದರೆ ಅವನು ಸಾವಿರದ ಐನೂರು ಹೇಳಿದ. ಮಂಗಳವಾರ ಮಧ್ಯಾಹ್ನ ಇಟ್ಟ, ಯಾಕೆಂದರೆ ಮಂಡಿಯಲ್ಲಿ ಅವನ ಸರದಿ ಮಂಗಳವಾರ. ಎರಡು ದಿನ ಯಾರೂ ತಿರುಗಿ ನೋಡಲಿಲ್ಲ. ಮೂರನೆಯ ದಿನ ಕಪ್ಪು ತೋಳವೆಂದು ಹೆಸರಿಟ್ಟುಕೊಂಡ ಒಬ್ಬ ಪುಣ್ಯಾತ್ಮ ಉಗುರಿಗೆ ಎಂಟುನೂರ ಐವತ್ತರಂತೆ ನಲವತ್ತನ್ನೂ ಕೊಳ್ಳುತ್ತೇನೆಂದು ಕೇಳಿದ. ಆಟದಲ್ಲಿ ಮಾತುಕತೆಗೆಂದು ಒಂದು ಜಾಗವಿದೆ. ಹೇರಂಬ ಅಲ್ಲಿ ಕನ್ನಡದಲ್ಲಿ "ಯಾವೂರು? ಯಾರ ಪೈಕಿ?" ಎಂದು ಬರೆದ. ತೋಳ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿತು.

"ನೋಡಿದ್ಯಾ?" ಎಂದು ಹೇರಂಬ ನನಗೆ ಫೋನು ಹಿಡಿದು ತೋರಿಸಿದ. "ಹೆದರಿದ್ದ. ಮಾಲಿಗೆ ಬೇಡಿಕೆ ಇದ್ದು ಹೇಳಾತು. ಈ ವಾರ ಬೇಡ!"

ಹಾಗೆಂದು ರಾಶಿ ವಾಪಸು ತೆಗೆದ. ಶುಲ್ಕ ಮುಳುಗಿತು. ಮುಂದಿನ ವಾರ ಮತ್ತೆ ಇಟ್ಟ, ಮತ್ತೆ ತೆಗೆದ. ಹೀಗೆ ನಾಲ್ಕು ಸಲವಾಗುವಷ್ಟರಲ್ಲಿ ವಂದನಾ ಎರಡು ವರ್ಷ ಕೂಡಿಸಿದ ನಾಣ್ಯವೆಲ್ಲ ಶುಲ್ಕಕ್ಕೇ ಸಂದಾಯವಾಯಿತು. ಈ ನಡುವೆ ಉಗುರಿನ ರೇಟು ತನ್ನ ಪಾಡಿಗೆ ತಾನು ಸಾವಿರದ ನೂರಕ್ಕೆ ಏರಿತು. ಸರಿ, ಇನ್ನು ಅವನನ್ನು ಹಿಡಿಯುವವರು ಯಾರು? ತಾನು ಮಾರದೆ ಕೂತದ್ದರಿಂದಲೇ ಪ್ರಪಂಚದಲ್ಲಿ ಹುಲಿ ಉಗುರಿಗೆ ಬರ ಬಂದಿದೆ ಎಂದು ಅವನು ದೇವರಾಣೆಗೂ ನಂಬಿದ.

ಅವನ ಮನೆಯೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ. ಜಗುಲಿಯ ಕೊನೆಯ ಕಂಬಕ್ಕೆ ಒರಗಿ, ರಸ್ತೆಗೆ ಮುಖ ಮಾಡಿ ಕೂಗಿದರೆ ಮಾತ್ರ ಮಾತಾಡಿದ್ದು ತೀರ್ಥಹಳ್ಳಿಗೆ ಕೇಳುತ್ತದೆ. ಒಂದು ಬೆಳಿಗ್ಗೆ ಹಾಗೆ ಕೂಗಿದ: "ನಲವತ್ತು ಹುಲಿ ಉಗುರೂ ಎನ್ನ ಹತ್ರನೇ ಇದ್ದು! ಒಂದೂ ಕೊಡ್ತಿಲ್ಲೆ! ಹೊರದೇಶದವು ಕೇಳ್ತಾ ಇದ್ದ, ಎರಡು ಸಾವಿರ ಬರವರೆಗೆ ಹೊರಗೆ ತೆಗೆತಿಲ್ಲೆ!"

ಎದುರು ಮನೆಯ ರಂಗಮ್ಮ ರಂಗೋಲಿ ಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಆ ದಿನದ ರಂಗೋಲಿ ಅರ್ಧಕ್ಕೇ ಉಳಿಯಿತು. ಮಧ್ಯಾಹ್ನದೊಳಗೆ ಸುದ್ದಿ ಮಾರಿಕಾಂಬೆಯ ಗುಡಿ ದಾಟಿ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಹೊಸನಗರದ ಬಸ್ಸು ಹತ್ತಿತು.

ನಮ್ಮ ಜನಕ್ಕೆ ಬೇರೇನೂ ಬಾರದಿದ್ದರೂ ಲೆಕ್ಕ ಬರುತ್ತದೆ. ಹುಲಿಗೆ ಮುಂದಿನ ಕಾಲಿಗೆ ಐದೈದು, ಹಿಂದಿನ ಕಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು ಉಗುರು ಎಂದು ಯಾರೋ ಹೇಳಿದರು. ಎರಡು ಹುಲಿಗೆ ಮೂವತ್ತಾರು. ಉಳಿದ ನಾಲ್ಕು? ಸಲೂನಿನಲ್ಲಿ ಒಂದು ಗಂಟೆ ಚರ್ಚೆಯಾಗಿ, ಮೂರನೆಯ ಹುಲಿ ಒಂದು ಹಿಂಗಾಲಿನ ಉಗುರು ಕೊಟ್ಟು ತಪ್ಪಿಸಿಕೊಂಡಿದೆ ಎಂದು ತೀರ್ಮಾನವಾಯಿತು. ಮರುದಿನವೇ ಹೊಸನಗರದ ಕಡೆ ಇಬ್ಬರು ಕುಂಟುವ ಹುಲಿಯನ್ನು ಕಂಡರು. ಅದರ ಮರುದಿನ ಐವರು ಕಂಡರು. ಅವರಲ್ಲಿ ಒಬ್ಬನಿಗೆ ಅದು ಎಡಗಾಲು ಎಂಬುದೂ ಗೊತ್ತಿತ್ತು. ಹುಂಚದ ಕಡೆ ಸಂಜೆ ಐದಕ್ಕೆ ಬಾಗಿಲು ಹಾಕತೊಡಗಿದರು. ಅರಣ್ಯ ಇಲಾಖೆಯವರು ಕುಂಟುವ ಹುಲಿಯನ್ನು ಹುಡುಕಲು ಕಾಡಿನಲ್ಲಿ ಕ್ಯಾಮರಾ ಕಟ್ಟಿ, ನಾಲ್ಕು ಹಂದಿಯ ಮತ್ತು ಒಬ್ಬ ಕಳ್ಳಭಟ್ಟಿಯವನ ಚಿತ್ರ ಹಿಡಿದರು.

ಇನ್ನು ಬೀದಿಯವರು ಥೂ ಎಂದು ಉಗಿದರೆಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಬೀದಿ ಗೊತ್ತಿಲ್ಲ. ರಂಗಮ್ಮ ಸೆರಗಿನಡಿ ಒಂದು ಪಾತ್ರೆ ಕೊಟ್ಟೆ ಕಡುಬು ಹಿಡಿದುಕೊಂಡು ಬಂದಳು.

"ಹೆಗ್ಡೇರೇ, ಮೊಮ್ಮಗ ರಾತ್ರಿ ಬೆಚ್ಚಿ ಬೀಳ್ತಾನೆ. ಒಂದೇ ಒಂದು ಕೊಡಿ, ಕೊರಳಿಗೆ ಕಟ್ತೀನಿ. ಯಾರಿಗೂ ಹೇಳಾಕಿಲ್ಲ."

ಹೇರಂಬನಿಗೆ ಆಗ ವಿಷಯ ಹೊಳೆಯಿತು. ಬಾಯಿ ತೆರೆದ. "ಅಯ್ಯೋ ರಂಗಮ್ಮಾ, ಅದು ಫೋನಿನ ಆಟ" ಎಂದುಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮತದಾನಕ್ಕೆ ಒಂಬತ್ತೇ ದಿನವಿತ್ತು. ಐವತ್ತೆಂಟು ವರ್ಷದ ಹೇರಂಬ ಹೆಗಡೆ ಕಾಲು ಚಾಚಿಕೊಂಡು ಫೋನಿನಲ್ಲಿ ಆಟವಾಡುತ್ತಾನೆ ಎಂದು ಗೊತ್ತಾದರೆ ಒಂದು ಮತ ಬೀಳುತ್ತಿತ್ತೇ? ತೆರೆದ ಬಾಯನ್ನು ಮುಚ್ಚಿ, ಕಡುಬಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು, ಗಂಭೀರವಾಗಿ ಹೇಳಿದ:

"ರೇಟು ಬರ್ಲಿ ರಂಗಮ್ಮಾ. ಆಮೇಲೆ ನೋಡೋಣ."

ಅಂದಿನಿಂದ ಆ ಜಗುಲಿಯಲ್ಲಿ ಜನ. ಕಾಲಿನ ಯೋಗಕ್ಷೇಮ ಕೇಳಲು ಬಂದವರೇ ಎಲ್ಲ, ಆದರೆ ಯಾರೂ ಕಾಲು ನೋಡಲಿಲ್ಲ. ಹೊರದೇಶದವರು ಬಂದು ಬೇಡಿದರೂ ಕೊಡದವನು ಎಂದು ಒಬ್ಬರಿಗೊಬ್ಬರು ಕಿವಿಯಲ್ಲಿ ಹೇಳಿಕೊಂಡರು. ಹೇರಂಬ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಎಲೆ ಅಡಿಕೆ ಅಗಿಯುತ್ತ ಮೇಲೆ ನೋಡಿದ. ಕಾಡುಪ್ರಾಣಿ ಕೊಂದವನೆಂದು ಕರೆಸಿಕೊಂಡರೂ ಅಡ್ಡಿಯಿಲ್ಲ, ಆಟ ಆಡುವವನೆಂದು ಕರೆಸಿಕೊಳ್ಳಬಾರದು! ಎಂಥಾ ಮಾನ, ಎಂಥಾ ಮರ್ಯಾದೆ! ಮಹಾಲಕ್ಷ್ಮಿ ಮಾತ್ರ ಚಹಾ ಮಾಡಿ ಮಾಡಿ ಸೋತು, "ನಿಂಗಗೆ ತಲೆ ಕೆಟ್ಟಿದ್ದು. ಜೈಲಿಗೆ ಊಟ ತರದು ಎನ್ನ ಹತ್ರ ಆಗ್ತಿಲ್ಲೆ, ಈಗ್ಲೇ ಹೇಳಿದ್ದಿ" ಎಂದಳು.

ಬೆಳ್ಳಪ್ಪ ಸುಮ್ಮನಿರಲಿಲ್ಲ. ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆದ. ಮತದಾನಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆ ದೋಸೆಯ ಹೊತ್ತಿಗೆ ಹಸಿರು ಜೀಪು ಬಂತು. ವಲಯ ಅಧಿಕಾರಿ ಜ್ಯೋತಿಲಕ್ಷ್ಮಿ ಇಳಿದರು, ಹಿಂದೆ ಮೂವರು ಗಾರ್ಡುಗಳು. ಅಟ್ಟ, ಕಣಜ, ದೇವರ ಗೂಡು, ಉಪ್ಪಿನಕಾಯಿಯ ಭರಣಿ, ಎಲ್ಲ ಹುಡುಕಿದರು. ಒಬ್ಬ ಗಾರ್ಡು ಒಣ ಬಾಳಕದ ಮೆಣಸಿನ ಡಬ್ಬಿ ತೆರೆದು "ಸಿಕ್ತು ಮೇಡಂ!" ಎಂದು ಕೂಗಿ, ಮೂಸಿ ನೋಡಿ, ಹತ್ತು ನಿಮಿಷ ಸೀನಿದ. ಕೊನೆಗೆ ಹೇರಂಬನನ್ನೇ ಕುರ್ಚಿ ಸಮೇತ ಎತ್ತಿ ಜೀಪಿಗೆ ಹಾಕಿದರು. ಊರೇ ಹಿಂದೆ ಹೋಯಿತು. ನಾನೂ ಹೋದೆ, ನೆರೆಯವನಾದ ಮೇಲೆ ಹೋಗಬೇಕಲ್ಲ.

ಕಚೇರಿಯ ಕಿಟಕಿಗೆ ಐವತ್ತು ತಲೆ. ಎಲ್ಲಕ್ಕಿಂತ ಮುಂದೆ ಬೆಳ್ಳಪ್ಪನದು.

"ಏನ್ರೀ ಹೆಗಡೇರೇ, ನಲವತ್ತು ಉಗುರು ಎಲ್ಲಿಟ್ಟಿದೀರಿ?"

"ಮೇಡಂ, ಇವ್ರನ್ನೆಲ್ಲ ಸ್ವಲ್ಪ ಆಚೆ ಕಳಿಸಿ. ಗುಟ್ಟಿನ ವಿಷಯ."

"ಯಾರೂ ಹೋಗಲ್ಲ. ಹೇಳ್ರೀ."

"ಮೂರನೇ ಹುಲಿ ಬದುಕಿದ್ಯಾ ಸತ್ತಿದ್ಯಾ, ಅದನ್ನಾದ್ರೂ ಹೇಳಿ," ಎಂದ ಸೀನುತ್ತಿದ್ದ ಗಾರ್ಡು.

ಹೇರಂಬ ಕಿಟಕಿಯ ಕಡೆ ನೋಡಿದ. ಬೆವರು ಒರೆಸಿಕೊಂಡ. ಮುಂದಕ್ಕೆ ಬಗ್ಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಏನೋ ಅಂದ.

"ಏನು, ಫೋನಿನ ಆಟದ್ದಾ?" ಎಂದು ಜ್ಯೋತಿಲಕ್ಷ್ಮಿ ಇಡೀ ಸಾಗರಕ್ಕೆ ಕೇಳುವಂತೆ ಕೇಳಿದರು.

ಆಹಾ, ಆ ನಗು! ಬೆಳ್ಳಪ್ಪ ನಗುತ್ತಾ ನಗುತ್ತಾ ಕಿಟಕಿಯ ಸರಳು ಹಿಡಿದುಕೊಂಡೇ ಕೆಳಗೆ ಕೂತ. "ರೇಟಿನ ಹೆಗ್ಡೇರು ಆಟ ಆಡ್ತಾ ಇದ್ರು ಕಣ್ರೋ! ಮಕ್ಕಳಾಟ!" ರಂಗಮ್ಮ ತನ್ನ ಕಡುಬಿನ ಪಾತ್ರೆ ಇನ್ನೂ ವಾಪಸು ಬಂದಿಲ್ಲ ಎಂದು ನೆನಪಿಸಿದಳು. ಹೇರಂಬನ ಮುಖ ಸುಣ್ಣವಾಯಿತು. ಕುರ್ಚಿ ಹೋಯಿತು, ಮಂಡಿ ಹೋಯಿತು, ಮೂವತ್ತು ವರ್ಷದ ಹೆಸರೂ ಹೋಯಿತು. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟಕ್ಕೇ ಬಿಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸರ್ಕಾರದ ಕೆಲಸ. ಜ್ಯೋತಿಲಕ್ಷ್ಮಿ ಕಡತ ಬಿಡಿಸಿದರು.

"ಆಟದ್ದೋ ನಿಜದ್ದೋ, ಅರ್ಜಿಯಲ್ಲಿ ನಲವತ್ತು ಉಗುರು ನಿಮ್ಮ ಹತ್ರ ಇದೆ ಅಂತಿದೆ. ಇದೆ ಅಂತ ನೀವೇ ಒಪ್ಕೊಂಡ್ರಿ. ಇದ್ರೆ ನಾನು ಕಡತ ಮುಚ್ಚೋ ಹಾಗಿಲ್ಲ. ಈಗ್ಲೇ ನನ್ನೆದುರು ಮಾರಿಬಿಡಿ. 'ಸದರಿಯವರ ಬಳಿ ಉಗುರು ಇರುವುದಿಲ್ಲ' ಅಂತ ಬರ್ದು ಕಳಿಸ್ತೀನಿ."

ಹೇರಂಬ ಫೋನು ತೆರೆದ. ಮಾರುಕಟ್ಟೆ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಹಿಂದಿನ ದಿನ ಆಟದ ಕಂಪನಿಯವರು ಏನೋ ವಾರ್ಷಿಕೋತ್ಸವವೆಂದು ಹೊಸದಾಗಿ ಸೇರಿದವರಿಗೆಲ್ಲ ತಲೆಗೆ ನೂರು ಹುಲಿ ಉಗುರು ಪುಕ್ಕಟೆ ಹಂಚಿದ್ದರು. ಸಾವಿರದ ನೂರಿದ್ದ ಉಗುರು ಮೂರು ನಾಣ್ಯಕ್ಕೆ ಬಂದು ಬಿದ್ದಿತ್ತು.

"ಮೂರಾ?" ಎಂದ.

"ಎಷ್ಟಾದ್ರೂ ಆಗ್ಲಿ, ಒತ್ರೀ," ಎಂದರು ಜ್ಯೋತಿಲಕ್ಷ್ಮಿ.

"ಆಗಲ್ಲ ಮೇಡಂ."

"ಏನು ಆಗಲ್ಲ?"

"ಈ ರೇಟಿಗೆ ಕೊಡಲ್ಲ. ಇದು ನಿಜವಾದ ರೇಟಲ್ಲ. ಹೊರಗಿಂದ ಮಾಲು ತಂದು ಸುರಿದಿದಾರೆ. ಇದು ಆಮದು! ನಮ್ಮ ಮಾಲನ್ನ ಮುಗಿಸೋ ಹುನ್ನಾರ!"

"ರೀ, ಮಾರದಿದ್ರೆ ಇಲ್ಲೇ ಕೂರಿಸ್ತೀನಿ. ಮೇಲಿನವ್ರಿಗೆ ಬರೀಬೇಕಾಗುತ್ತೆ."

"ಬರೀರಿ. ಕೂರ್ತೀನಿ."

ಮಹಾಲಕ್ಷ್ಮಿ ಬಾಗಿಲಲ್ಲಿ ನಿಂತು ಅತ್ತಳು. "ಕೊಟ್ಟಿಕ್ಕಿ ಬನ್ನಿ, ನಿಂಗಳ ಕಾಲಿಗೆ ಬೀಳ್ತಿ!" ಅವಳ ಕೈಯ ಫೋನಿನಲ್ಲಿ ವಂದನಾ ಕಿರುಚಿದಳು: "ಅಪ್ಪಯ್ಯಾ, ಎನಗೆ ಕುದುರೆ ಬ್ಯಾಡ! ಮಾರಿ ಮನೆಗೆ ಹೋಗು!" ಹೇರಂಬ ಪ್ಲಾಸ್ಟರಿನ ಕಾಲನ್ನು ಸರ್ಕಾರಿ ಸ್ಟೂಲಿನ ಮೇಲಿಟ್ಟು ಕೈಕಟ್ಟಿ ಕೂತ.

"ಜೈಲಿಗೆ ಹಾಕಿ ಮೇಡಂ. ಬೆಳೆದವನು ಬೇಡ ಅಂದ್ಮೇಲೆ ಬೇಡ. ರೇಟು ಬರೋವರೆಗೆ ಒಂದು ಉಗುರೂ ಕೊಡಲ್ಲ."

ಯಾರು ಬೆಳೆದದ್ದು? ಏನು ಬೆಳೆದದ್ದು? ಆ ಮೂರ್ಖನಿಗೆ ಹುಲಿ ಯಾವುದು ಅಡಿಕೆ ಯಾವುದು ಎಂಬುದೇ ಮರೆತುಹೋಗಿತ್ತು. ನಾನು ಜೋರಾಗಿ ನಗಬೇಕೆಂದು ಬಾಯಿ ತೆರೆದು ಸುತ್ತ ನೋಡಿದೆ. ಒಬ್ಬನೂ ನಗುತ್ತಿರಲಿಲ್ಲ. ಕಿಟಕಿಯಲ್ಲಿದ್ದ ಬೆಳೆಗಾರರೆಲ್ಲ ಗುಡಿಯಲ್ಲಿ ನಿಂತ ಹಾಗೆ ನಿಂತಿದ್ದರು. ಒಬ್ಬ ಮುದುಕ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ. "ಸರ್ಕಾರ ಹಿಡ್ಕೊಂಡು ಕೂತ್ರೂ ಇಳೀಲಿಲ್ಲ ನೋಡ್ರೋ," ಎಂದು ಯಾರೋ ಹಿಂದಿನಿಂದ ಅಂದರು. ಬೆಳ್ಳಪ್ಪ ಎದ್ದು ನಿಂತು "ಅಯ್ಯೋ, ಅದು ಆಟ ಕಣ್ರೋ! ಬರೀ ಆಟ!" ಎಂದು ಒಬ್ಬೊಬ್ಬರ ಹೆಗಲು ಹಿಡಿದು ಅಲುಗಿಸಿದ. "ಆಟದಲ್ಲೇ ಬಿಡದವ್ನು ಅಡಿಕೇಲಿ ಬಿಡ್ತಾನೇನೋ?" ಎಂದು ಆ ಮುದುಕ ಅವನ ಕೈ ಕೊಡವಿದ.

ಎರಡು ಗಂಟೆಯವರೆಗೆ ನೋಡಿದ ಜ್ಯೋತಿಲಕ್ಷ್ಮಿಗೆ ಹೊಟ್ಟೆ ಹಸಿಯಿತು. "ಸದರಿ ಉಗುರುಗಳು ಇಲಾಖೆಯ ಕಣ್ಣಿಗೆ ಕಾಣುವಂಥವಲ್ಲ" ಎಂದು ಬರೆದು, ಕಡತ ಮುಚ್ಚಿ, ಅವನನ್ನು ಕುರ್ಚಿ ಸಮೇತ ಹೊರಗಿಡಿಸಿದರು. ಜೀಪು ಬೇಕಾಗಲಿಲ್ಲ. ಬೆಳೆಗಾರರೇ ಆ ಕುರ್ಚಿ ಹೊತ್ತು ಮಂಡಿಯ ಮುಂದಿನಿಂದ ಮೆರವಣಿಗೆ ಮಾಡಿಕೊಂಡು ಮನೆಗೆ ತಂದರು.

ಭಾನುವಾರ ಮತ ಎಣಿಸಿದಾಗ ಹೇರಂಬನಿಗೆ ನಾಲ್ಕುನೂರ ಹನ್ನೆರಡು, ಬೆಳ್ಳಪ್ಪನಿಗೆ ಅರವತ್ತೊಂದು. ಸಂಘದ ಇತಿಹಾಸದಲ್ಲಿ ಇಷ್ಟು ಅಂತರದಲ್ಲಿ ಯಾರೂ ಗೆದ್ದಿರಲಿಲ್ಲ. ಹಾರ ಹಾಕಿಸಿಕೊಂಡು ಹೇರಂಬ ಭಾಷಣ ಮಾಡಿದ. ಹೊರದೇಶದ ಹುಲಿ ಉಗುರಿನ ಆಮದನ್ನು ನಿಲ್ಲಿಸಬೇಕೆಂದು ಒಂದು ನಿಯೋಗ ಹೋಗಬೇಕಂತೆ. ಜನ ಚಪ್ಪಾಳೆ ತಟ್ಟಿದರು. ಮೂಢರ ಊರು ಇದು, ಬುದ್ಧಿಯೆಂಬುದು ಒಬ್ಬರಿಗಾದರೂ ಬೇಡವೇ ಎಂದು ನಾನು ಮನೆಗೆ ಬಂದು ನನ್ನ ಹೆಂಡತಿಯ ಎದುರು ಕೂಗಾಡಿದೆ.

ಅವಳು ಅಕ್ಕಿ ಆರಿಸುತ್ತಾ ತಲೆಯೆತ್ತದೆ ಕೇಳಿದಳು: "ನಿಂಗ ಯಾರಿಗೆ ಓಟು ಹಾಕಿದ್ರಿ?"

ನಾನು ತಲೆಯೆತ್ತಿ ಅಟ್ಟ ನೋಡಿದೆ. ಅಟ್ಟದ ಮೇಲೆ ಹೋದ ವರ್ಷದ ಹದಿನೆಂಟು ಚೀಲ ಅಡಿಕೆ ಇದೆ. ಇನ್ನೂ ಸ್ವಲ್ಪ ರೇಟು ಬರಲಿ ಎಂದು ಇಟ್ಟಿದ್ದೇನೆ.